ಬಾಣಂತಿ ಏನುಂಡಳು ಎಂದು ಕೇಳದ ಕೇಸ್‌ಶೀಟ್ ಅಪೂರ್ಣ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವಳು. ಕಲ್ಯಾಣ ಕರ್ನಾಟಕದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಎಂಬಿಬಿಎಸ್ ಮುಗಿಸುತ್ತಿದ್ದೇನೆ, ಮುಂದಿನ ತಿಂಗಳಿಂದ ಇಂಟರ್ನ್‌ಷಿಪ್. ಒಪಿಡಿಗೆ ಉರ್ದು, ತೆಲುಗು, ಮರಾಠಿ, ಲಂಬಾಣಿ ಮಾತಾಡುವವರು ಬರುತ್ತಾರೆ. ಕನ್ನಡದವರ ಕನ್ನಡವೇ ನನಗೆ ಅರ್ಧ ತಿಳಿಯುವುದಿಲ್ಲ. ಮೊನ್ನೆ ಒಬ್ಬ ತಾಯಿ ಮಗಳನ್ನು ಕರೆತಂದು "ಬ್ಯಾನಿ ಎದ್ದಾವ್ರಿ" ಅಂದರು, ನಾನು "ಏನು ಕಾಯಿಲೆ, ಎಷ್ಟು ದಿನದಿಂದ?" ಎಂದು ಕೇಳುತ್ತಾ ನಿಂತೆ. ಹುಡುಗಿಗೆ ಹೆರಿಗೆ ನೋವು ಶುರುವಾಗಿತ್ತು. ಬೇರೆ ಬೇರೆ ಸಂಸ್ಕೃತಿಯ ರೋಗಿಗಳನ್ನು ನೋಡಲು ನಾನು ಸಿದ್ಧಳಾಗಿದ್ದೇನೆಯೇ ಎಂದು ತಿಳಿಯುವುದು ಹೇಗೆ? ಯಾವ ಸಮುದಾಯದವರ ಪದ್ಧತಿ ಏನು ಎಂಬ ಪಟ್ಟಿ ಸಿಗುತ್ತದೆಯೇ?

ಉತ್ತರ: ಪಟ್ಟಿಯ ವಿಷಯವನ್ನು ಮೊದಲು ಮುಗಿಸೋಣ. ಅಂಥ ಪಟ್ಟಿಗಳು ಸಿಗುತ್ತವೆ, ಆದರೆ ಅವುಗಳನ್ನು ನೆಚ್ಚಬೇಡಿ. 1998ರಲ್ಲಿ ಅಮೆರಿಕದ ಮೆಲನಿ ಟೆರ್ವಲಾನ್ ಮತ್ತು ಜ್ಯಾನ್ ಮರ್ರೆ-ಗಾರ್ಸಿಯಾ ಎಂಬ ವೈದ್ಯೆಯರು ಬರೆದ ಲೇಖನದಲ್ಲಿ ಒಂದು ಘಟನೆ ಬರುತ್ತದೆ. ಶಸ್ತ್ರಚಿಕಿತ್ಸೆಯಾಗಿ ಕೆಲವೇ ಗಂಟೆ ಕಳೆದ ಲ್ಯಾಟಿನ್ ಅಮೆರಿಕ ಮೂಲದ ಹೆಂಗಸೊಬ್ಬಳು ನರಳುತ್ತಿದ್ದಳು. ಇವರಿಗೆ ತುಂಬಾ ನೋವಿರುವಂತಿದೆ ಎಂದು ವೈದ್ಯರೊಬ್ಬರು ಹೇಳಿದರೆ, ನರ್ಸ್ ಆ ಮಾತನ್ನು ತಳ್ಳಿಹಾಕಿದರು. ಬೇರೆ ಸಂಸ್ಕೃತಿಗಳ ಬಗ್ಗೆ ಅವರು ಒಂದು ಕೋರ್ಸ್ ಮಾಡಿದ್ದರು, ಆ ಜನ ನೋವನ್ನು ಹೆಚ್ಚು ಮಾಡಿ ತೋರಿಸುತ್ತಾರೆ ಎಂದು ಅಲ್ಲಿ ಕಲಿತಿದ್ದರು. ಕಲಿತದ್ದೇ ಎದುರಿನ ರೋಗಿಯನ್ನು ಕಾಣದಂತೆ ಮಾಡಿತು. ಲಂಬಾಣಿಗರು ಹೀಗೆ, ಮುಸ್ಲಿಮರು ಹಾಗೆ ಎಂದು ಬರೆದಿಟ್ಟುಕೊಂಡ ಪುಟ ನಿಮಗೂ ಇದನ್ನೇ ಮಾಡುತ್ತದೆ. ಕಲಿಯಬೇಕಾದದ್ದು ಕೇಳುವ ವಿಧಾನ, ಉತ್ತರವನ್ನು ರೋಗನಿರ್ಣಯದಲ್ಲಿ ಬಳಸುವ ವಿಧಾನ.

ಸಿದ್ಧಳಾಗಿಲ್ಲ ಅನ್ನಿಸುತ್ತಿರುವುದು ನಿಮ್ಮೊಬ್ಬರಿಗೇ ಅಲ್ಲ. 2005ರಲ್ಲಿ ಅಮೆರಿಕದ ದೊಡ್ಡ ಬೋಧನಾ ಆಸ್ಪತ್ರೆಗಳ ಎರಡು ಸಾವಿರಕ್ಕೂ ಹೆಚ್ಚು ಕೊನೆಯ ವರ್ಷದ ರೆಸಿಡೆಂಟ್‌ಗಳ (ತಜ್ಞ ತರಬೇತಿಯಲ್ಲಿರುವ ವೈದ್ಯರ) ಸಮೀಕ್ಷೆಯೊಂದು ಪ್ರಕಟವಾಯಿತು. ಚಿಕಿತ್ಸೆ ಕೊಡುವಾಗ ರೋಗಿಯ ಸಂಸ್ಕೃತಿಯನ್ನು ಗಮನಿಸುವುದು ಮುಖ್ಯ ಎಂದವರು 96%. ಆದರೆ ಆಧುನಿಕ ವೈದ್ಯಕ್ಕೆ ಹೊಂದದ ನಂಬಿಕೆ ಇರುವ ರೋಗಿಯನ್ನು ನೋಡಲು ತಯಾರಿಲ್ಲ ಎಂದವರು ಸುಮಾರು ಕಾಲು ಭಾಗ. ನಮ್ಮಲ್ಲಿ 2019ರ ಹೊಸ ಪಠ್ಯಕ್ರಮದಲ್ಲಿ ನಡವಳಿಕೆ, ನೀತಿ, ಸಂವಹನದ ಪಾಠಗಳು ಬಂದವು. ಆಮೇಲೆ ಪ್ರತಿ ವಿದ್ಯಾರ್ಥಿ ಮೂರರಿಂದ ಐದು ಕುಟುಂಬಗಳನ್ನು ದತ್ತು ತೆಗೆದುಕೊಳ್ಳುವ ಕಾರ್ಯಕ್ರಮವೂ ಸೇರಿತು. ಎರಡೂ ಒಳ್ಳೆಯವೇ. ಆದರೆ ಕುಟುಂಬ ದತ್ತು ಎಂದರೆ ಹಿಮೋಗ್ಲೋಬಿನ್, ಬಿಪಿ ಬರೆದುಕೊಂಡು ಫೋಟೋ ಹೊಡೆಸಿಕೊಂಡು ಬರುವುದಾದರೆ ಕಲಿಕೆ ಅಲ್ಲಿಗೇ ನಿಂತಿತು. ಅದೇ ಮನೆಯಲ್ಲಿ ಅಡುಗೆ ಹೇಗೆ, ಊಟ ಎಷ್ಟು ಹೊತ್ತಿಗೆ, ಮೊದಲು ಉಣ್ಣುವವರು ಯಾರು, ಕೊನೆಗೆ ಉಣ್ಣುವವರು ಯಾರು ಎಂದು ನೋಡಿ ಬಂದಿದ್ದರೆ ಅದು ವಾರ್ಡಿನಲ್ಲಿ ಕೆಲಸಕ್ಕೆ ಬರುತ್ತದೆ.

ಹೇಗೆ ಬರುತ್ತದೆ ಎಂಬುದಕ್ಕೆ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಎರಡು-ಮೂರು ತಿಂಗಳ, ಎದೆಹಾಲನ್ನಷ್ಟೇ ಕುಡಿಯುವ ಕೂಸು. ಮೂರು ದಿನದಿಂದ ಹಾಲು ಕುಡಿಯುತ್ತಿಲ್ಲ, ವಾಂತಿ, ಏದುಸಿರು, ಅಳು ಗೊಗ್ಗರಾಗಿದೆ. ನ್ಯುಮೋನಿಯಾ ಇರಬಹುದು, ಸೆಪ್ಸಿಸ್ (ಮೈಯೆಲ್ಲ ಹರಡಿದ ಸೋಂಕು) ಇರಬಹುದು ಎಂದು ಆ್ಯಂಟಿಬಯೋಟಿಕ್ ಶುರುವಾಗುತ್ತದೆ. ಎಕೋ (ಹೃದಯದ ಸ್ಕ್ಯಾನ್) ಮಾಡಿದರೆ ಹೃದಯದ ಬಲಭಾಗ ಹಿಗ್ಗಿದೆ, ಶ್ವಾಸಕೋಶದ ರಕ್ತದೊತ್ತಡ ವಿಪರೀತ, ರಚನೆಯಲ್ಲಿ ದೋಷವಿಲ್ಲ. ಕರ್ನಾಟಕದ ಮಕ್ಕಳ ಹೃದ್ರೋಗ ತಜ್ಞರು ಇಂಥ ಕೂಸುಗಳ ಸಾಲನ್ನೇ ದಾಖಲಿಸಿದ್ದಾರೆ. ಕಾರಣ ಬಿ1 ಜೀವಸತ್ವ, ಅಂದರೆ ಥಯಾಮಿನ್ ಕೊರತೆ. ಬಾಣಂತನದ ಪಥ್ಯ ಎಂದು ತಾಯಿ ಪಾಲಿಶ್ ಮಾಡಿದ ಅಕ್ಕಿಯ ಅನ್ನ, ತೆಳು ಸಾರು ಬಿಟ್ಟು ಬೇರೇನೂ ಉಂಡಿರುವುದಿಲ್ಲ. ಬೇಳೆ ನಂಜು, ಕಾಯಿಪಲ್ಲೆ ಥಂಡಿ ಎಂಬ ನಂಬಿಕೆ. ಅಕ್ಕಿಯನ್ನು ಮೂರು ಸಲ ತೊಳೆದು, ಬೆಂದ ಮೇಲೆ ಗಂಜಿ ಬಸಿದರೆ ನೀರಿನಲ್ಲಿ ಕರಗುವ ಥಯಾಮಿನ್ ಅದರೊಂದಿಗೇ ಹೋಗುತ್ತದೆ. ದೇಹದಲ್ಲಿರುವ ದಾಸ್ತಾನು ಎರಡು-ಮೂರು ವಾರಕ್ಕಷ್ಟೇ ಸಾಕು. ಹಾಗಾಗಿ ತಾಯಿ ಚೆನ್ನಾಗಿ ಓಡಾಡಿಕೊಂಡಿದ್ದರೂ ಹಾಲಿನಲ್ಲಿ ಅದು ಸಾಲುವುದಿಲ್ಲ. ಥಯಾಮಿನ್ ಇಂಜೆಕ್ಷನ್ ಬಿದ್ದರೆ ಕೂಸು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನದಲ್ಲಿ ಚೇತರಿಸಿಕೊಳ್ಳುತ್ತದೆ. ಬೀಳದಿದ್ದರೆ ಸಾಯಬಹುದು. ಇಲ್ಲಿ ರೋಗದ ಸುಳಿವು ಸಿಗುವುದು "ಬಾಣಂತಿ ಏನೇನು ಉಣ್ತಾಳ?" ಎಂಬ ಪ್ರಶ್ನೆಯಲ್ಲಿ.

ಈ ಪ್ರಶ್ನೆಯನ್ನು ಸೌಜನ್ಯಕ್ಕಾಗಿ ಕೇಳುವುದಲ್ಲ. ಜ್ವರ ಎಷ್ಟು ದಿನದಿಂದ ಎಂದು ಕೇಳುವಷ್ಟೇ ಸಹಜವಾಗಿ ಕೇಳಬೇಕು, ಕೇಸ್‌ಶೀಟಿನಲ್ಲಿ ಬರೆಯಬೇಕು. ಊಹೆಯಂತೂ ಬೇಡ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಬಾಣಂತಿಗೆ ಅಳವಿ ಪಾಯಸ, ಅಂಟಿನ ಉಂಡಿ, ಸಜ್ಜಕ ಕೊಡುತ್ತಾರೆ, ಪೌಷ್ಟಿಕವಾದ ಊಟ. ಪಕ್ಕದ ಮನೆಯಲ್ಲೇ ತಿಂಗಳಿಡೀ ಅನ್ನ-ಸಾರು. ಒಂದೇ ಊರು, ಒಂದೇ ಜಾತಿ, ಆದರೆ ಅತ್ತೆ ಬೇರೆ. ನೀರಿನ ಲೆಕ್ಕವೂ ಹೀಗೆಯೇ. ಹೆರಿಗೆಯಾದ ಮೊದಲ ಆರು ವಾರ ರಕ್ತ ಹೆಪ್ಪುಗಟ್ಟುವ ಸಂಭವ ಸಹಜವಾಗಿಯೇ ಹೆಚ್ಚು. ಮೇಲಿಂದ ನೀರು ಕಡಿಮೆ ಕೊಟ್ಟರೆ ಅಪಾಯ ಇನ್ನೂ ಏರುತ್ತದೆ. ಬಾಣಂತಿ ಬಿಡದ ತಲೆನೋವು, ವಾಂತಿ, ಫಿಟ್ಸ್ ಎಂದು ಬಂದರೆ ಮಿದುಳಿನ ಸಿರೆಯಲ್ಲಿ ಹೆಪ್ಪುಗಟ್ಟಿದೆಯೇ ಎಂದು ಯೋಚಿಸಬೇಕು, ದಿನಕ್ಕೆ ಎಷ್ಟು ತಂಬಿಗೆ ನೀರು ಕುಡಿಯುತ್ತಾಳೆ ಎಂದು ಕೇಳಬೇಕು.

ಇನ್ನು ಪರಿಹಾರ. "ಪಥ್ಯ ಎಲ್ಲ ಬಿಡಿ" ಎಂದರೆ ಅತ್ತೆ ತಲೆಯಾಡಿಸಿ ಮನೆಗೆ ಹೋಗಿ ಹಾಗೆಯೇ ಮುಂದುವರಿಸುತ್ತಾರೆ. ಪಥ್ಯದ ಒಳಗೇ ದಾರಿ ಹುಡುಕಬೇಕು. ತಣ್ಣೀರು ಬೇಡವೇ, ಅಜವಾನ ಹಾಕಿ ಕಾಯಿಸಿದ ಬಿಸಿನೀರು ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ಆಗಲಿ. ಅವರ ಮನೆಯ ತಂಬಿಗೆಯಲ್ಲಿ ಎಷ್ಟಾಗುತ್ತದೆ ಎಂದು ಲೆಕ್ಕ ಹೇಳಿ. ತೊಗರಿಬೇಳೆ ನಂಜೇ, ಹೆಸರುಬೇಳೆ ಆಗುತ್ತದೆಯೇ ಕೇಳಿ. ಗಂಜಿ ಬಸಿಯದೆ ಅನ್ನ ಮಾಡಲು ಹೇಳಿ, ಜೋಳದ ರೊಟ್ಟಿ ಸೇರಿಸಿ. ಅತ್ತೆಯನ್ನು ಎದುರು ಹಾಕಿಕೊಂಡು ಗೆಲ್ಲುವ ಮಾತಲ್ಲ ಇದು. ಅಡುಗೆಮನೆ ಅವರ ಕೈಯಲ್ಲಿದೆ.

ಕೇಳುವುದು ಹೇಗೆ? ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ 1970ರ ದಶಕದಲ್ಲಿ ರೂಪಿಸಿದ ಎಂಟು ಪ್ರಶ್ನೆಗಳನ್ನು ಈಗಲೂ ಜಗತ್ತಿನ ಎಲ್ಲೆಡೆ ಕಲಿಸುತ್ತಾರೆ. ನಿಮಗೆ ಏನಾಗಿದೆ ಎಂದುಕೊಂಡಿದ್ದೀರಿ, ಯಾಕೆ ಈಗಲೇ ಶುರುವಾಯಿತು, ಯಾವುದಕ್ಕೆ ಹೆದರಿಕೆ, ಯಾವ ಚಿಕಿತ್ಸೆ ಬೇಕು ಅನ್ನಿಸುತ್ತದೆ – ಹೀಗೆ. ಇವನ್ನು ಅನುವಾದಿಸಿ ನೇರವಾಗಿ ಕೇಳಿದರೆ ನಮ್ಮಲ್ಲಿ ಬರುವ ಉತ್ತರ: "ಅದನ್ನ ತಿಳ್ಕೊಳ್ಳಾಕ ಅಲ್ಲೇನ್ರೀ ನಿಮ್ಮ ಹಂತ್ಯಾಕ ಬಂದಿದ್ದು?" ಡಾಕ್ಟರಿಗೇ ಗೊತ್ತಿಲ್ಲ ಎಂಬ ಅನುಮಾನ ಬೇರೆ. ಅದೇ ಪ್ರಶ್ನೆಯನ್ನು ಮನೆಯವರ ಹೆಸರಿನಲ್ಲಿ ಕೇಳಿ ನೋಡಿ: "ಮನಿಯಾಗ ಹಿರ್ಯಾರು ಇದಕ್ಕ ಏನಂತಾರ?" ಆಗ ಮಾತು ಹರಿಯುತ್ತದೆ. ಗಾಳಿ ಸೋಕ್ಯಾದ, ದೃಷ್ಟಿ ಆಗ್ಯಾದ, ಯಾರೋ ಮದ್ದು ಹಾಕ್ಯಾರ ಎಂಬುದೆಲ್ಲ ಹೊರಗೆ ಬರುತ್ತದೆ, ಹೇಳಿದವರಿಗೂ ಮುಜುಗರವಿಲ್ಲ. ಎರಡನೆಯದು: "ಇಲ್ಲಿಗೆ ಬರೂಕಿಂತ ಮದ್ಲ ಎಲ್ಲೆಲ್ಲಿ ತೋರಿಸಿದ್ರಿ? ಏನೇನು ಹಚ್ಚಿದ್ರಿ, ಕುಡಿಸಿದ್ರಿ?" ಮೂರನೆಯದು: "ಯಾವುದಕ್ಕ ಭಾಳ ಅಂಜಿಕಿ ಆಗ್ತದ?" ನಾಲ್ಕನೆಯದು: "ಮನಿಯಾಗ ಇದನ್ನ ಯಾರು ನಿರ್ಧಾರ ಮಾಡ್ತಾರ?" ಎಂಟು ಬೇಡ, ಗದ್ದಲದ ಒಪಿಡಿಯಲ್ಲಿ ಈ ನಾಲ್ಕು ಸಾಕು. ಎರಡು ನಿಮಿಷವೂ ಹಿಡಿಯುವುದಿಲ್ಲ.

ಎರಡನೆಯ ಪ್ರಶ್ನೆಯನ್ನು ಎಂದೂ ಬಿಡಬೇಡಿ. ಕಾಮಣಿ (ಕಾಮಾಲೆ) ಎಂದು ಕೂಸಿನ ಹೊಟ್ಟೆಗೆ ಚುಟಿಗಿ (ಬಿಸಿ ಬರೆ) ಹಾಕಿಸಿದ್ದರೆ ಆ ಸುಟ್ಟ ಗಾಯದಿಂದಲೇ ಸೋಂಕು ಒಳಗೆ ಹೋಗಿರಬಹುದು. ಬಟ್ಟೆ ಸರಿಸಿ ನೋಡದೆ ಗೊತ್ತಾಗುವುದಿಲ್ಲ. ಕೀಲುನೋವಿಗೋ ದಮ್ಮಿಗೋ ಹೆಸರಿಲ್ಲದ ಪುಡಿ ತಿಂಗಳುಗಟ್ಟಲೆ ತಿಂದವರಿದ್ದರೆ "ಪುಡಿ ತಗೊಂಡ ಮ್ಯಾಲೆ ಹಸಿವು ಹೆಚ್ಚಾತೇನು, ಮುಖ ಊದೇದೇನು?" ಎಂದು ಕೇಳಿ. ಅಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದುಂಟು. ನೀವು ಗದರಿಸಿ ಒಮ್ಮೆಗೇ ನಿಲ್ಲಿಸಿದರೆ ಅಡ್ರಿನಲ್ ಗ್ರಂಥಿ ಕೈಕೊಟ್ಟು ಬಿಪಿ ಕುಸಿಯಬಹುದು. ಕೆಲವು ಭಸ್ಮಗಳಲ್ಲಿ ಸೀಸ ಇರುತ್ತದೆ. ಕಾರಣ ತಿಳಿಯದ ಹೊಟ್ಟೆನೋವು, ಜೊತೆಗೆ ರಕ್ತಹೀನತೆ ಇದ್ದರೆ ಅದೂ ನೆನಪಿರಲಿ. ಕೇಳುವಾಗ ಹುಬ್ಬು ಗಂಟಿಕ್ಕಿದರೆ ಮುಂದಿನ ಸಲ ಸತ್ಯ ಹೇಳುವುದಿಲ್ಲ.

ಈಗ ಮಾತಿನ ವಿಷಯ. ನಿಮ್ಮ "ಬ್ಯಾನಿ"ಯಂಥ ತಪ್ಪು ಎಲ್ಲರಿಗೂ ಆಗುವಂಥದ್ದು. ಅಲ್ಲಿ ಬ್ಯಾನಿ ಎಂದರೆ ನೋವು, ಕಾಯಿಲೆ, ಹೆರಿಗೆ ನೋವು ಮೂರೂ. "ಎದ್ದಾವ" ಎಂದು ಬಹುವಚನದಲ್ಲಿ ಬಂದರೆ ಹೆರಿಗೆಯದು. "ಹೊರಗಾಗೀನಿ" ಎಂದರೆ ಮುಟ್ಟು, "ಹೊರಕಡಿಗಿ" ಎಂದರೆ ಮಲವಿಸರ್ಜನೆ. "ಅಮ್ಮ ಬಂದಾಳ" ಎಂದರೆ ಸೀತಾಳೆ ಸಿಡುಬೋ ದಡಾರವೋ ಇರಬಹುದು, ಔಷಧಿ ಕೊಡಬಾರದು ಎಂಬ ನಂಬಿಕೆಯೂ ಜೊತೆಗೆ ಬಂದಿರುತ್ತದೆ. ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಎಡಕ್ಕೆ ರೋಗಿ ಹೇಳಿದ ಮಾತು ಅವರದೇ ಉಚ್ಚಾರದಲ್ಲಿ, ಬಲಕ್ಕೆ ಕೊನೆಗೆ ಅದು ಏನೆಂದು ತೇಲಿದ್ದು. ಮುಖ್ಯ ದೂರನ್ನು ರೋಗಿಯ ಮಾತಲ್ಲೇ ಬರೆಯಬೇಕು ಎಂದು ಕಲಿಸುತ್ತಾರೆ, ನಾವು ಮಾತ್ರ ಕೇಳುತ್ತಲೇ ಇಂಗ್ಲಿಷಿಗೆ ತಿರುಗಿಸಿಬಿಡುತ್ತೇವೆ. "ಎದಿ ಹಿಡದಂಗ ಆಗ್ತದ" ಎಂಬುದು ಉಬ್ಬಸವೂ ಆಗಿರಬಹುದು, ಹೃದಯದ್ದೂ ಇರಬಹುದು, ಮಗ ಊರು ಬಿಟ್ಟ ಸಂಕಟವೂ ಇರಬಹುದು. ತಿರುಗಿಸುವ ಮುನ್ನ "ಹಂಗಂದ್ರ ಹ್ಯಾಂಗ್ರಿ, ಕೈಯಿಟ್ಟು ತೋರಿಸ್ರಿ" ಎಂದು ಕೇಳಿ.

ಲಂಬಾಣಿ, ಉರ್ದು, ತೆಲುಗು ನಿಮಗೆ ಬರದಿದ್ದರೆ ದುಭಾಷಿ ಬೇಕು. ಹೆಚ್ಚಿನ ಆಸ್ಪತ್ರೆಗಳಲ್ಲಿ ಅದಕ್ಕೆಂದೇ ನೇಮಿಸಿದವರಿಲ್ಲ, ಜೊತೆಗೆ ಬಂದ ಮಗಳೋ ವಾರ್ಡಿನ ಆಯಾನೋ ಹೇಳುತ್ತಾರೆ. ಹತ್ತು ವರ್ಷದ ಮಗುವಿನ ಬಾಯಲ್ಲಿ ತಾಯಿಯ ಬಿಳಿಮುಟ್ಟಿನ ಮಾತು ಕೇಳಿಸಬೇಡಿ. ತಾಯಿ ಹೇಳುವುದಿಲ್ಲ, ಮಗು ತಿಳಿದಷ್ಟನ್ನೇ ಹೇಳುತ್ತದೆ. ಆಶಾ ಕಾರ್ಯಕರ್ತೆಯರು ಬಹಳ ನೆರವಾಗುತ್ತಾರೆ. ಆದರೆ ಅವರು ಅದೇ ಊರಿನವರು, ಅದೇ ತಾಂಡಾದವರು. ಗರ್ಭಪಾತ, ಎಚ್‌ಐವಿ, ಟಿಬಿ ವಿಷಯಕ್ಕೆ ಇವರ ಮುಂದೆ ಮಾತಾಡಬಹುದೇ ಎಂದು ರೋಗಿಯನ್ನು ಮೊದಲೇ ಕೇಳಬೇಕು; ಬೇಡವೆಂದರೆ ಬೇರೆ ಊರಿನ ನರ್ಸ್ ಹುಡುಕಿ. ದುಭಾಷಿಯನ್ನು ರೋಗಿಯ ಪಕ್ಕಕ್ಕೆ, ಸ್ವಲ್ಪ ಹಿಂದೆ ಕೂರಿಸಿ. ಆಗ ನಿಮ್ಮ ಕಣ್ಣು ರೋಗಿಯ ಮೇಲಿರುತ್ತದೆ. ಒಂದು ಸಲಕ್ಕೆ ಒಂದೇ ವಾಕ್ಯ. ಅವರು ಎರಡು ನಿಮಿಷ ಮಾತಾಡಿಕೊಂಡು ನಿಮಗೆ "ಏನಿಲ್ಲಂತರಿ" ಎಂದು ಹೇಳಿದರೆ ಅಲ್ಲೇನೋ ಉಳಿದುಹೋಗಿದೆ. "ಅವರು ಹೇಳಿದ್ದೆಲ್ಲಾ ಹೇಳ್ರಿ, ಉಪಯೋಗ ಐತೋ ಇಲ್ಲೋ ನಾ ನೋಡ್ತೀನಿ" ಎಂದು ಹೇಳಿ.

ಮೈಮೇಲಿನ ವಸ್ತುಗಳ ಬಗ್ಗೆ ನಾಲ್ಕು ಮಾತು, ಯಾಕೆಂದರೆ ಜಗಳ ಹೆಚ್ಚಾಗಿ ಇಲ್ಲೇ ಶುರುವಾಗುತ್ತದೆ. ಹಳೆಯ ತಲೆಮಾರಿನ ಲಂಬಾಣಿ ಹೆಂಗಸರು ತೋಳಿನ ತನಕ ಬಳೆ ತೊಟ್ಟಿರುತ್ತಾರೆ. ಬಳೆಯ ಮೇಲೆ ಬಿಪಿ ಪಟ್ಟಿ ಸುತ್ತಿದರೆ ಬರುವ ಅಂಕಿ ಸುಳ್ಳು. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ 80% ಆವರಿಸಬೇಕು, ಕೆಳ ಅಂಚು ಮೊಣಕೈ ಮಡಿಕೆಯಿಂದ ಎರಡು-ಮೂರು ಸೆಂಟಿಮೀಟರ್ ಮೇಲಿರಬೇಕು. ಒಂದು ಕೈಯ ಬಳೆ ಸರಿಯುತ್ತವೆಯೇ ಎಂದು ಅವರನ್ನೇ ಕೇಳಿ. ಆಗದಿದ್ದರೆ ಮುಂಗೈಯಲ್ಲೋ ತೊಡೆಯಲ್ಲೋ ನೋಡಿ, ಎಲ್ಲಿ ನೋಡಿದಿರಿ ಎಂದು ಬರೆಯಿರಿ, ಪ್ರತಿ ಸಲವೂ ಅಲ್ಲೇ ನೋಡಿ. ಲಿಂಗಾಯತರ ಕೊರಳಿನ ಕರಡಿಗೆ (ಇಷ್ಟಲಿಂಗವಿಡುವ ಲೋಹದ ಡಬ್ಬಿ) ಎದೆಯ ಎಕ್ಸ್‌ರೇಯಲ್ಲಿ ಬಿಳಿ ಗುಂಡಿನಂತೆ ಬೀಳುತ್ತದೆ. ಬೆನ್ನಿಗೆ ತಿರುಗಿಸಿದರೂ ನೆರಳು ತಪ್ಪುವುದಿಲ್ಲ. ಇಷ್ಟಲಿಂಗವನ್ನು ಮೈಯಿಂದ ಅಗಲಿಸಲು ಅನೇಕರು ಒಪ್ಪುವುದಿಲ್ಲ. ಎಕ್ಸ್‌ರೇ ಮುಗಿಯುವವರೆಗೆ ತೋಳಿಗೆ ಕಟ್ಟಿಕೊಳ್ಳುತ್ತೀರಾ ಎಂದು ಕೇಳಿದರೆ ಕೆಲಸ ಆಗುತ್ತದೆ. ಎಂಆರ್‌ಐಗೆ ಮಾತ್ರ ಲೋಹ ಹೊರಗಿರಲೇಬೇಕು. ಕಾರಣ ಹೇಳಿ, ಅವರ ಕೈಯಿಂದಲೇ ತೆಗೆಸಿ, ಮನೆಯವರ ಕೈಗೆ ಕೊಡಿಸಿ. ಚಪ್ಪಲಿ ಇಡುವ ಜಾಗದ ಟ್ರೇಯಲ್ಲಿ ಇಡಬೇಡಿ. ತಾಳಿ ತೆಗೆಯಬೇಕಾದಾಗ ಅರಿಶಿನದ ದಾರಕ್ಕೆ ಅರಿಶಿನ ಕೊಂಬು ಕಟ್ಟಿಕೊಳ್ಳುವ ರೂಢಿ ನಮ್ಮಲ್ಲಿ ಮೊದಲಿಂದಲೂ ಇದೆ. ಹಿಂದಿನ ದಿನವೇ ಹೇಳಿದರೆ ತಂದುಕೊಳ್ಳುತ್ತಾರೆ. ಎಲ್ಲಮ್ಮನ ಜಡೆ ಬಿಟ್ಟವರ ತಲೆಗೆ ಪೆಟ್ಟಾಗಿದ್ದರೆ ಕತ್ತರಿ ಎತ್ತಿಕೊಳ್ಳುವ ಮುನ್ನ ನಿಲ್ಲಿ. ಸಿಟಿ ಸ್ಕ್ಯಾನಿಗೆ ಜಡೆ ಅಡ್ಡಿಯಲ್ಲ. ಹೊಲಿಗೆಗೆ ಗಾಯದ ಸುತ್ತಲಿನ ಕೂದಲು ಬಿಡಿಸಿದರೆ ಸಾಕೇ ನೋಡಿ, ಕತ್ತರಿಸಲೇಬೇಕಾದರೆ ಕೇಳಿ ಕತ್ತರಿಸಿ.

ಉಪವಾಸದ ವಿಷಯದಲ್ಲಿ ಆಗುವ ತಪ್ಪು ಒಂದೇ: "ನಿಮಗೆ ಶುಗರ್ ಇದೆ, ರೋಜಾ ಇಡಬೇಡಿ" ಎಂದು ಮುಗಿಸಿಬಿಡುವುದು. ಕಾಯಿಲೆಯವರಿಗೆ ಕುರಾನಿನಲ್ಲೇ ವಿನಾಯಿತಿ ಇದೆ, ಆದರೂ ಎಷ್ಟೋ ಜನ ಇಟ್ಟೇ ಇಡುತ್ತಾರೆ. ನಿಮಗೆ ಹೇಳದೆ, ಸಕ್ಕರೆ ಇಳಿಸುವ ಅದೇ ಗ್ಲಿಮೆಪಿರೈಡ್ ಮಾತ್ರೆಯನ್ನು ಬೆಳಿಗ್ಗೆ ನುಂಗಿ, ಮಧ್ಯಾಹ್ನ ಬೆವತು ಬೀಳುತ್ತಾರೆ. ರಂಜಾನಿಗೆ ಆರರಿಂದ ಎಂಟು ವಾರ ಮೊದಲೇ ಕರೆದು ಕೂರಿಸಿ ಮಾತಾಡಬೇಕು. ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ದಿನಕ್ಕೊಂದು ಸಲದ ಗ್ಲಿಮೆಪಿರೈಡ್ ಇಫ್ತಾರಿಗೆ (ಸಂಜೆ ರೋಜಾ ಬಿಡುವ ಊಟಕ್ಕೆ) ಹೋಗಬೇಕು. ಮೆಟ್‌ಫಾರ್ಮಿನ್ ಮೂರು ಸಲ ಇದ್ದರೆ ಎರಡು ಪಾಲು ಇಫ್ತಾರಿಗೆ, ಒಂದು ಪಾಲು ಸಹರಿಗೆ (ನಸುಕಿನ ಊಟಕ್ಕೆ). ದೀರ್ಘಾವಧಿ ಇನ್ಸುಲಿನ್ 15ರಿಂದ 30% ಇಳಿಯಬೇಕು. ಇದನ್ನೆಲ್ಲ ಸೀನಿಯರ್ ಜೊತೆಗೇ ಮಾಡಿ. ರಕ್ತದ ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಆ ಗಳಿಗೆಯಲ್ಲೇ ರೋಜಾ ಮುರಿಯಬೇಕು ಎಂದು ಮೊದಲೇ ಒಪ್ಪಿಸಿ. ಬೆರಳು ಚುಚ್ಚಿ ನೋಡಿದರೆ ರೋಜಾ ಮುರಿಯುತ್ತದೆ ಎಂಬ ಅಂಜಿಕೆ ಇದ್ದವರಿಗೆ ಮುರಿಯುವುದಿಲ್ಲ ಎಂದು ಹೇಳುವ ಮೌಲಾನಾಗಳಿದ್ದಾರೆ, ಅವರಿಂದಲೇ ಕೇಳಿಸಿ. ಏಕಾದಶಿ, ಶ್ರಾವಣ ಸೋಮವಾರದವರನ್ನೂ ಕೇಳಿ: ಕೆಲವರು ನೀರೂ ಕುಡಿಯುವುದಿಲ್ಲ, ಕೆಲವರು ಅನ್ನದ ಬದಲು ಎರಡು ಪಟ್ಟು ಸಾಬೂದಾಣಿ ತಿನ್ನುತ್ತಾರೆ. ಒಂದಕ್ಕೆ ಸಕ್ಕರೆ ಇಳಿಯುತ್ತದೆ, ಇನ್ನೊಂದಕ್ಕೆ ಏರುತ್ತದೆ. ಮಾತ್ರೆಯ ಚೀಟಿಯದೂ ಇದೇ ಕಥೆ. "ಮೂರು ಹೊತ್ತು ಊಟದ ನಂತರ" ಎಂದು ಬರೆದರೆ, ಕೂಲಿಗೆ ಹೋಗುವವರು ಉಣ್ಣುವುದೇ ಎರಡು ಹೊತ್ತು. ಮಾತ್ರೆಯೂ ಎರಡೇ ಆಗುತ್ತದೆ.

ಚರ್ಮದ ಬಣ್ಣ ಸಂಸ್ಕೃತಿಯಲ್ಲ, ಆದರೆ ನಿಮ್ಮ ತಯಾರಿಯಲ್ಲಿ ಅದೂ ಸೇರಬೇಕು. ಪಠ್ಯಪುಸ್ತಕದ ಚಿತ್ರಗಳು ಹೆಚ್ಚಾಗಿ ಬಿಳಿ ಚರ್ಮದವು. ಕಪ್ಪು ಮೈಬಣ್ಣದವರಲ್ಲಿ, ಉದಾಹರಣೆಗೆ ಯಲ್ಲಾಪುರ, ಹಳಿಯಾಳದ ಸಿದ್ದಿ ಸಮುದಾಯದವರಲ್ಲಿ, ದದ್ದು ಕೆಂಪಗೆ ಕಾಣುವುದಿಲ್ಲ. ಬೆರಳಿನಿಂದ ಸವರಿ ಉಬ್ಬು, ಬಿಸಿ ನೋಡಬೇಕು. ನೀಲಿಗಟ್ಟಿದ್ದನ್ನು ನಾಲಿಗೆಯಲ್ಲಿ, ಬಿಳಿಚಿದ್ದನ್ನು ಕಣ್ಣಿನ ಕೆಳರೆಪ್ಪೆಯ ಒಳಗೆ, ಕಾಮಾಲೆಯನ್ನು ಹಗಲು ಬೆಳಕಿನಲ್ಲಿ ಕಣ್ಣಿನ ಬಿಳಿಭಾಗದಲ್ಲಿ ನೋಡಿ. ಪಲ್ಸ್ ಆಕ್ಸಿಮೀಟರ್ ಕಪ್ಪು ಚರ್ಮದಲ್ಲಿ ನಿಜಕ್ಕಿಂತ ಹೆಚ್ಚಿನ ಅಂಕಿ ತೋರಿಸಬಹುದು ಎಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ಮತ್ತೆ ಎತ್ತಿ ತೋರಿಸಿತು. ರೋಗಿ ಏದುಸಿರು ಬಿಡುತ್ತಿದ್ದು ಯಂತ್ರ 94 ಎಂದರೆ ರೋಗಿಯನ್ನು ನಂಬಿ, ಎಬಿಜಿ (ಅಪಧಮನಿಯ ರಕ್ತದ ಆಮ್ಲಜನಕ ಪರೀಕ್ಷೆ) ಕಳಿಸಿ.

ನಿರ್ಧಾರ ಯಾರದು ಎಂದು ಕೇಳಲು ಹೇಳಿದೆವು. ಅದರರ್ಥ ಗಂಡನೋ ಮಾವನೋ ಸಹಿ ಹಾಕಿದರೆ ಸಾಕು ಎಂದಲ್ಲ. ಮನೆಯವರೊಡನೆ ಚರ್ಚಿಸುವುದು ಆಕೆಗೆ ಬೇಕಿದ್ದರೆ ಸಮಯ ಕೊಡಿ. ಒಪ್ಪಿಗೆ ಮಾತ್ರ ಆಕೆಯದೇ. 1971ರ ಗರ್ಭಪಾತ ಕಾಯ್ದೆಯಲ್ಲಿ ವಯಸ್ಕ ಮಹಿಳೆಯ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಕೇಳುವ ಹಾಗಿಲ್ಲ. ಪ್ರತಿಯೊಬ್ಬ ಹೆಣ್ಣು ರೋಗಿಯೊಡನೆಯೂ ಐದು ನಿಮಿಷ ಒಂಟಿಯಾಗಿ ಮಾತಾಡುವುದನ್ನು ರೂಢಿ ಮಾಡಿಕೊಳ್ಳಿ. ಎಲ್ಲರಿಗೂ ಹೀಗೇ ಎಂದರೆ ಅತ್ತೆಗೂ ಅನುಮಾನ ಬರುವುದಿಲ್ಲ.

ಸಿದ್ಧಳಾಗಿದ್ದೇನೆಯೇ ಎಂದು ತಿಳಿಯಲು ನಿಮ್ಮದೇ ಹತ್ತು ಕೇಸ್‌ಶೀಟ್ ತೆಗೆದು ನೋಡಿ. ರೋಗಿಯ ಸ್ವಂತ ಮಾತು ಒಂದಾದರೂ ಇದೆಯೇ? ಮೊದಲು ಎಲ್ಲಿ ತೋರಿಸಿದರು, ಏನು ಹಚ್ಚಿದರು ಎಂದು ಇದೆಯೇ? ಊಟದ ಸಮಯ, ಪಥ್ಯ ಇದೆಯೇ? ಯಾವ ಭಾಷೆಯಲ್ಲಿ, ಯಾರ ಮೂಲಕ ಮಾತಾಡಿದಿರಿ ಎಂದು ಇದೆಯೇ? ಕೊನೆಯಲ್ಲಿ ರೋಗಿ ಮರಳಿ ಏನು ಹೇಳಿದರು ಎಂದು ಇದೆಯೇ? ಈ ಕೊನೆಯದಕ್ಕೆ "ತಿಳೀತಾ?" ಎಂಬ ಪ್ರಶ್ನೆ ಬೇಡ, ಅದಕ್ಕೆ ಎಲ್ಲರೂ "ಹೂಂ" ಅನ್ನುತ್ತಾರೆ. "ನಾ ಸರಿಯಾಗಿ ಹೇಳಿದೆನೋ ಇಲ್ಲೋ ನೋಡಬೇಕ್ರಿ, ಮನಿಗಿ ಹೋಗಿ ಅತ್ತಿಗಿ ಏನಂತ ಹೇಳ್ತೀರಿ?" ಎಂದು ಕೇಳಿ. ಮಾತ್ರೆಯ ಲೆಕ್ಕ ತಪ್ಪಿದ್ದು ಆಗಲೇ ಗೊತ್ತಾಗುತ್ತದೆ. ಹತ್ತರಲ್ಲಿ ಎರಡು ಶೀಟಿನಲ್ಲಿ ಮಾತ್ರ ಇವು ಇದ್ದರೆ, ತಿಂಗಳ ಕೊನೆಗೆ ಇನ್ನೊಮ್ಮೆ ಎಣಿಸಿ.

ಮತ್ತೆ ಯಾರಾದರೂ "ಬ್ಯಾನಿ ಎದ್ದಾವ್ರಿ" ಎಂದು ಬಂದರೆ ಗಾಲಿಕುರ್ಚಿ ತರಲು ಹೇಳಿ, ಲೇಬರ್ ರೂಮಿನ ಕಡೆ ನಡೆಯುತ್ತಲೇ ಇಷ್ಟು ಕೇಳಿ: "ಎಷ್ಟೊತ್ತಿಗಿ ಎದ್ದಾವ್ರಿ? ಎಷ್ಟು ಹೊತ್ತಿಗೊಮ್ಮೆ ಬರ್ತಾವ? ನೀರು ಹೋಗ್ಯಾವೇನು? ಕೂಸು ಹೊರಳಾಡ್ತದೇನು?"